ಬದಿಯಡ್ಕದ ತರಕಾರಿ ಸಾಲು: ಎಲೆಯಡಿ ನೋಡಿದ ಆರು ವಾರ

ನವೆಂಬರ್ 10. ಭತ್ತ ಕೊಯ್ದ ಗದ್ದೆಯ ಮೂಲೆಯಲ್ಲಿ ಮುಳ್ಳುಸೌತೆ 12 ಬುಡ, ಹಾಗಲ 6, ಬದನೆ 10, ಅಲಸಂಡೆ ಎರಡು ಸಾಲು. ಬೇಲಿಗೆ ಬಸಳೆ, ತೆಂಗಿನಡಿ ತೊಂಡೆ ಚಪ್ಪರ. ಸೌತೆ ಮೊಳೆತ ಐದೇ ದಿನಕ್ಕೆ ಬೀಜದೆಲೆಯಲ್ಲಿ ಗುಂಡು ತೂತು. ಕೆಂಪು ದುಂಬಿಯ ಕೆಲಸ. ಬಿಸಿಲೇರಿದರೆ ಹಾರಿಹೋಗುತ್ತದೆ, ಇಬ್ಬನಿಯಲ್ಲಿ ಮೈ ಜಡವಾಗಿರುವಾಗಲೇ ಹೆಕ್ಕಿ ಸಾಬೂನು ನೀರಿಗೆ ಹಾಕಬೇಕು. ಅದೇ ಹೊತ್ತಿಗೆ ಜರಡಿ ಹಿಡಿದ ಒಲೆಬೂದಿ ತೆಳ್ಳಗೆ ಎರಚಿದರೆ ಒದ್ದೆ ಎಲೆಗೆ ಅಂಟುತ್ತದೆ. ಮಳೆ ಹನಿದರೆ ಮತ್ತೆ ಎರಚಬೇಕು. ನಾಲ್ಕೈದು ಎಲೆ ಬಿಟ್ಟು ಬಳ್ಳಿ ಹಬ್ಬತೊಡಗಿದರೆ ಇಂಥ ತೂತಿಗೆ ಅಂಜಬೇಕಿಲ್ಲ.

ನವೆಂಬರ್ 19. ಬದನೆಯ ಎಲೆ ಬಲೆಯಂತಾಗಿದೆ: ಹಸಿರನ್ನು ಕೆರೆದು ತಿಂದು ನರ ಮಾತ್ರ ಬಿಟ್ಟಿದೆ. ಎಲೆ ಮಗುಚಿದರೆ ಹಳದಿ ಮರಿಹುಳ, ಮೈತುಂಬ ಕವಲೊಡೆದ ಮುಳ್ಳು. ಇದು ಎಪಿಲಾಕ್ನಾ ಎಂಬ ಎಲೆ ತಿನ್ನುವ ದುಂಬಿಯ ಮರಿ. ಬೆಳೆದ ದುಂಬಿ ಥೇಟ್ ಗುಲಗಂಜಿ ಹುಳದಂತಿರುವುದರಿಂದ ಒಂದೋ ಇದನ್ನು ಬಿಟ್ಟುಬಿಡುತ್ತೇವೆ, ಇಲ್ಲ ಒಳ್ಳೆಯದನ್ನೂ ಹೊಸಕುತ್ತೇವೆ. ಬೆಳಕಿಗೆ ಹಿಡಿದು ನೋಡಿ. ಎಪಿಲಾಕ್ನಾದ ಬೆನ್ನು ಮಂಕು ತಾಮ್ರದ ಬಣ್ಣ, ಮೇಲೆ ನವಿರು ರೋಮ, 12 ಅಥವಾ 28 ಕಪ್ಪು ಚುಕ್ಕೆ. ಗಿಡದ ರಸ ಹೀರುವ ಹೇನನ್ನು ತಿನ್ನುವ ಗುಲಗಂಜಿ ಹುಳದ ಬೆನ್ನು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಅದರ ಮರಿ ಬೂದುಗಪ್ಪು, ಕಿತ್ತಳೆ ಮಚ್ಚೆ, ಪುಟ್ಟ ಮೊಸಳೆಯ ಆಕಾರ. ಎರಡೂ ಹಳದಿ ಮೊಟ್ಟೆಯನ್ನು ಗುಂಪಾಗಿ ಇಡುತ್ತವೆ, ಹಾಗಾಗಿ ಹತ್ತಿರದಲ್ಲಿ ಹೇನು ಇದ್ದರೆ ಮೊಟ್ಟೆ ಉಜ್ಜಬೇಡಿ. ಬದನೆಯಲ್ಲಿ ಹೇನಿರಲಿಲ್ಲ, ಮರಿಹುಳ ಹತ್ತಿದ ಎಲೆಗಳನ್ನು ಮೊಟ್ಟೆಸಮೇತ ಚಿವುಟಿ ತೆಗೆದದ್ದಾಯಿತು.

ನವೆಂಬರ್ 28. ಅಲಸಂಡೆಯ ಕುಡಿಯಲ್ಲಿ ಕಪ್ಪು ಹೇನು, ಜತೆಗೆ ಇರುವೆ ಸಾಲು. ಹೇನು ಸುರಿಸುವ ಸಿಹಿಗಾಗಿ ಇರುವೆ ಅದಕ್ಕೆ ಕಾವಲು ನಿಲ್ಲುತ್ತದೆ, ಗುಲಗಂಜಿ ಹುಳವನ್ನು ಓಡಿಸುತ್ತದೆ. ಮೊದಲು ಬರಿಯ ನೀರನ್ನು ರಭಸದಿಂದ ಹೊಡೆದು ಉದುರಿಸಿ, ಉಳಿದದ್ದಕ್ಕೆ ಬೇವಿನೆಣ್ಣೆ. ಲೀಟರಿಗೆ 5 ಗ್ರಾಂ ಬಾರ್ ಸಾಬೂನು, 20 ಮಿಲಿ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿ. ಸಾಬೂನನ್ನು ಅರ್ಧ ಲೋಟ ಉಗುರುಬೆಚ್ಚಗಿನ ನೀರಲ್ಲಿ ಪೂರ್ತಿ ಕರಗಿಸಿ, ಎಣ್ಣೆಯನ್ನು ನೂಲಿನಂತೆ ಬಿಡುತ್ತ ಹಾಲಿನ ಹಾಗೆ ಬೆಳ್ಳಗಾಗುವವರೆಗೆ ಕದಡಬೇಕು. ಆಮೇಲೆ ಜಜ್ಜಿ ಬಟ್ಟೆಯಲ್ಲಿ ಸೋಸಿದ ಬೆಳ್ಳುಳ್ಳಿ ರಸ, ಕೊನೆಗೆ ಉಳಿದ ನೀರು. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ತೇಲುತ್ತದೆ. ಪಂಪಿನಿಂದ ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ ಬಂದು ಕುಡಿ ಸುಟ್ಟುಹೋಗುತ್ತದೆ. ಮೊದಲು ಸ್ವಲ್ಪವೇ ಕದಡಿ ಎರಡು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ, ಸುಡದಿದ್ದರೆ ಹೊಸದಾಗಿ ಕದಡಿ ಹೊಡೆಯಿರಿ. ಸಂಜೆ ಹೊತ್ತು, ಎಲೆಯ ಅಡಿಗೆ. ಕದಡಿದ್ದನ್ನು ಅಂದೇ ಮುಗಿಸಬೇಕು. ವಾರ ಬಿಟ್ಟು ಇನ್ನೊಮ್ಮೆ.

ಡಿಸೆಂಬರ್ 9. ಬಸಳೆಯಲ್ಲೂ ತೂತು, ಆದರೆ ಹುಳವಿಲ್ಲ. ತೂತಿನಂಚಿಗೆ ನೇರಳೆಗೆಂಪು ಉಂಗುರ. ಪಕ್ಕದ ಚುಕ್ಕೆಗಳಲ್ಲಿ ನಡುಭಾಗ ಒಣಗಿ ಇನ್ನೇನು ಉದುರುವಂತಿದೆ. ಇದು ಶಿಲೀಂಧ್ರದ ಚುಕ್ಕೆರೋಗ, ಹುಳದ ಮದ್ದು ಹೊಡೆದರೆ ದಂಡ. ಚುಕ್ಕೆ ಎಲೆ ಕಿತ್ತು ಸುಟ್ಟು, ಬಳ್ಳಿ ಸಡಿಲಿಸಿ, ನೀರನ್ನು ಬುಡಕ್ಕೆ ಮಾತ್ರ ಬಿಡುತ್ತಿದ್ದೇವೆ.

ಡಿಸೆಂಬರ್ 20. ತೊಂಡೆಯ ಎಲೆ ಮೇಲೆ ಮಸಿ. ಕಾರಣ ತೊಂಡೆಯಲ್ಲಿಲ್ಲ, ಮೇಲಿನ ತೆಂಗಿನ ಗರಿಯಡಿ ಇದೆ: ರುಗೋಸ್ ಸುರುಳಿ ಬಿಳಿನೊಣ, ನಮ್ಮ ದೇಶದಲ್ಲಿ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಮೊದಲು ಕಂಡದ್ದು. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ತೆಂಗಿಗೆ ವಿಷ ಹೊಡೆಯಬಾರದು. ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಡುವ ಎನ್ಕಾರ್ಸಿಯಾ ಕಣಜವೂ ಸತ್ತರೆ ನೊಣ ಇಮ್ಮಡಿಸುತ್ತದೆ. ಮಸಿಗೆ ಶೇಕಡಾ 1ರ ಗಂಜಿ: 10 ಗ್ರಾಂ ಪಿಷ್ಟದ ಹುಡಿ ಕದಡಿ ಕುದಿಸಿ, ಆರಿಸಿ, ನೀರು ಸೇರಿಸಿ ಒಂದು ಲೀಟರ್ ಮಾಡಿ ಸಿಂಪಡಣೆ. ಒಣಗಿದಾಗ ಗಂಜಿಯ ಪೊರೆಯ ಜತೆ ಮಸಿಯೂ ಹಕ್ಕಳೆಯಾಗಿ ಏಳುತ್ತದೆ. ಕೆಳಗಿನ ಎಲೆಗಳಲ್ಲಿ ಹಸಿರು ಕಾಣಿಸಿದೆ, ಚಪ್ಪರದ ಮೇಲ್ಭಾಗ ಬಾಕಿ.