ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಂತೆ, ಕೊನೆಗೂ

ಈ ಭಾನುವಾರ ನೇತ್ರಾಣಿ ದ್ವೀಪದ ಹತ್ರ ಎರಡನೇ ಸ್ಕೂಬಾ ಡೈವ್ ಮುಗಿಸ್ವಾಗ ಸೇಫ್ಟಿ ಸ್ಟಾಪ್‌ನಲ್ಲಿ, ಅಂದ್ರೆ ಮೇಲೆ ಬರೋ ಮುಂಚೆ ಐದು ಮೀಟರ್ ಆಳದಲ್ಲಿ ತಡೆದು ನಿಲ್ಲೋ ಕಡೆ, ಪೂರ್ತಿ ಮೂರು ನಿಮಿಷ ನಿಂತೆ, ಹಗ್ಗಾನೂ ಹಿಡೀದೆ, ಕೈಯೂ ಆಡಿಸದೆ. ಡೈವ್ ಕಂಪ್ಯೂಟರ್‌ನಲ್ಲಿ ಆಳ 4.8, 5.1, 4.9 ಮೀಟರ್, ಅಷ್ಟೇ ಓಡಾಟ. ಎಷ್ಟು ಖುಷಿಯಾಯ್ತು ಅಂದ್ರೆ ಮುರ್ಡೇಶ್ವರಕ್ಕೆ ವಾಪಸ್ ಬರೋವರೆಗೂ ಬೋಟಲ್ಲಿ ಎಲ್ರಿಗೂ ಅದನ್ನೇ ಹೇಳ್ತಿದ್ದೆ.

ಹೋದ ಸೀಸನ್ನಿಂದ ಇದೊಂದೇ ಕಾಟ. 15 ಮೀಟರ್‌ನಲ್ಲಿ ಆರಾಮಾಗಿರ್ತಿದ್ದೆ, ಸಿಲಿಂಡರ್‌ನಲ್ಲಿ ಗಾಳಿ ಒತ್ತಡ 70 ಬಾರ್‌ಗೆ ಇಳೀತು ಅಂತ ಮೇಲಕ್ಕೆ ಹೊರಟ್ರೆ ಐದು ಮೀಟರ್ ದಾಟಿ ಬುಳಕ್ಕನೆ ಮೇಲೆ ಬಂದ್ಬಿಡ್ತಿದ್ದೆ. ಬೆಲ್ಟಿಗೆ ಹಾಕೋ ಸೀಸದ ತೂಕ ಸಾಲ್ತಿಲ್ಲ ಅನ್ಕೊಂಡು 6 ಕೆಜಿ ಇದ್ದದ್ದು 7 ಮಾಡ್ದೆ, 8 ಮಾಡ್ದೆ, ಇನ್ನೂ ಕೆಟ್ಟೋಯ್ತು. ಈಗ ಯೋಚ್ನೆ ಮಾಡಿದ್ರೆ ಕಾರಣ ಸರಳ: ಹೆಚ್ಚಿಗೆ ಹಾಕಿದ 2 ಕೆಜಿ ಹೊರೋಕೆ ತಳದಲ್ಲಿ ಬಿಸಿಡಿಗೆ (ಗಾಳಿ ತುಂಬಿ ತೇಲೋ ಜಾಕೆಟ್) ಇನ್ನೂ 2 ಲೀಟರ್ ಗಾಳಿ ತುಂಬ್ಬೇಕು, ಅದು 15ರಿಂದ 5 ಮೀಟರ್‌ಗೆ ಬರೋಷ್ಟರಲ್ಲಿ ಹಿಗ್ಗಿ 3.3 ಲೀಟರ್ ಆಗುತ್ತೆ, ಆ ಗಾಳಿ ಹೊರಗೆ ಬಿಡೋದು ಒಂದು ಕ್ಷಣ ತಡ ಆದ್ರೂ ಮೇಲಕ್ಕೆ ಎಳ್ಕೊಂಡು ಹೋಗುತ್ತೆ.

ಹಂಗಾಗಿ ನಂಗೆ ಎಷ್ಟು ತೂಕ ಬೇಕು ಅಂತ ಚೆಕ್ ಮಾಡ್ದೆ, ಅದೂ ಡೈವ್ ಮುಗಿದ್ಮೇಲೆ, ಸಿಲಿಂಡರ್ 50 ಬಾರ್‌ನಲ್ಲಿದ್ದಾಗ. ತುಂಬಿದ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ ಗಾಳೀದೇ ಹತ್ರಹತ್ರ ಎರಡೂವರೆ ಕೆಜಿ ಇರುತ್ತಲ್ಲ, ಶುರುವಲ್ಲೇ ನೋಡಿದ್ರೆ ಲೆಕ್ಕ ತಪ್ಪುತ್ತೆ. ಬಿಸಿಡಿ ಖಾಲಿ, ಅರ್ಧ ಉಸಿರು, ನೀರು ಕಣ್ಣಿನ ಮಟ್ಟಕ್ಕೆ. 3 ಎಂಎಂ ದಪ್ಪದ ವೆಟ್‌ಸೂಟ್‌ಗೆ 5 ಕೆಜಿ ಸಾಕಾಯ್ತು!

ಇಲ್ಲೊಂದು ಸಿಟ್ಟು ಹೇಳ್ಲೇಬೇಕು. ಆನ್‌ಲೈನಲ್ಲಿ ತರಿಸಿದ ಸೀಸದ ತುಂಡಿನ ಮೇಲೆ 1 ಕೆಜಿ ಅಂತ ಅಚ್ಚು ಹಾಕಿದೆ, ತರಕಾರಿ ಅಂಗಡಿ ತಕ್ಕಡೀಲಿ ಇಟ್ರೆ 860 ಗ್ರಾಂ. ಫೋನ್ ಮಾಡಿದ್ರೆ "ಸೀಸ ಅಲ್ವಾ ಸರ್, ಹೆಚ್ಚುಕಮ್ಮಿ ಇರುತ್ತೆ" ಅಂತಾರೆ. ನೀರಿಗಿಳಿಯೋರ ತೂಕದಲ್ಲೂ ಹಿಂಗಾ? ಎಲ್ಲಾ ತುಂಡು ತೂಗಿ ಮಾರ್ಕರಲ್ಲಿ ಬರ್ದಿಟ್ಟೆ.

ತೂಕ ಸರಿಯಾದ್ರೂ ಇನ್ನೂ ಮೇಲೇರ್ತಿದ್ದೆ. ಇನ್‌ಸ್ಟ್ರಕ್ಟರ್ ವಿಡಿಯೋ ತೆಗ್ದು ತೋರ್ಸಿದ್ರು: "ಕಾಲು ನಿಲ್ಸಿ ಮಾರಾಯ್ರೆ." ತಲೆ ಮೇಲೆ, ಕಾಲು ಕೆಳಗೆ, ಒಂದೊಂದು ಕಿಕ್ಕೂ ನನ್ನ ಮೇಲಕ್ಕೇ ತಳ್ತಿತ್ತು. ಬೆಲ್ಟ್‌ನಿಂದ ಒಂದು ಕೆಜಿ ತೆಗ್ದು ಸಿಲಿಂಡರ್‌ನ ಮೇಲಿನ ಪಟ್ಟಿಗೆ ಹಾಕಿದ್ಮೇಲೆ ಮೈ ಅಡ್ಡಕ್ಕೆ ಬಂತು. ಆಮೇಲೆ ಉಸಿರು. ಬಿಟ್ಟ ತಕ್ಷಣ ಏನೂ ಆಗಲ್ಲ, ಎರಡು ಮೂರು ಸೆಕೆಂಡ್ ತಡೆದು ಮೈ ಇಳಿಯುತ್ತೆ, ಆ ಗ್ಯಾಪಲ್ಲೇ ಗಾಬರಿಯಾಗಿ ನಾನು ಬಿಸಿಡಿ ಬಟನ್ ಒತ್ತಿಬಿಡ್ತಿದ್ದೆ. ಈ ಸಲ ಬಟನ್ ಬಿಟ್ಟು ಮಾಸ್ಕ್ ಎದುರಿಗೆ ತೇಲ್ತಿದ್ದ ಒಂದು ಬಿಳಿ ಕಣ ನೋಡ್ತಾ ನಿಂತೆ. ಅದು ಕೆಳಗೆ ಸರಿದ್ರೆ ನಾನು ಏರ್ತಿದೀನಿ ಅಂತ, ಆಗ ಉದ್ದಕ್ಕೆ ಉಸಿರು ಬಿಡೋದು, ಕಾಯೋದು. ಕಣ ನಿಂತಲ್ಲೇ ನಿಂತ್ಕೊಳ್ತು.

ಮುಂದಿನದು ಕ್ಯಾಮೆರಾ ಟ್ರೇ, ಕೈ ಬಿಟ್ರೆ ಕಲ್ಲಿನ ಹಂಗೆ ಇಳಿಯುತ್ತೆ. 63 ಎಂಎಂ ಪಿವಿಸಿ ಪೈಪ್ 25 ಸೆಂಟಿಮೀಟರ್ ಕತ್ತರಿಸಿ ಎರಡೂ ಕಡೆ ಮುಚ್ಚಳ ಅಂಟಿಸಿದ್ರೆ ಸುಮಾರು ಅರ್ಧ ಕೆಜಿ ಎತ್ತುತ್ತೆ ಅಂತ ಲೆಕ್ಕ ಹಾಕಿದೀನಿ. ಮಳೆ ಶುರುವಾಗಿ ಬೋಟ್ ನಿಲ್ಲೋದ್ರೊಳಗೆ ಒಂದ್ಸಲ ಇಳಿಸಿ ನೋಡ್ಬೇಕು, ಪೈಪ್ ಆಗ್ಲೇ ತಂದಿಟ್ಟಿದೀನಿ.