ಕಾಕಾನ ಲಾಳಿ ಓಡಲಿಲ್ಲ

ನವೆಂಬರ್ 17, 2025, ಸೋಮವಾರ
ಇಳಕಲ್

ರಾತ್ರಿ ಹನ್ನೊಂದಾಯಿತು. ಕಾರ್ಡ್‌ನಿಂದ ಫೈಲ್‌ಗಳು ಕಾಪಿ ಆಗುತ್ತಿವೆ. ನಿದ್ದೆ ಬರ್ತಾ ಇಲ್ಲ.

ಬೆಳಗ್ಗೆ ಮಗ್ಗದ ಕೋಣೆಯಲ್ಲಿ, ಕಾಕಾ ಸೀರೆ ನೇಯುವುದನ್ನು ತೆಗೆದ ಮೊದಲ ಕ್ಲಿಪ್ ನೋಡಿದಾಗ ಎದೆ ಧಸಕ್ಕೆಂದಿತು. ಪರದೆ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತಿದ್ದವು. ಕ್ಯಾಮೆರಾ ಕೆಟ್ಟಿತೇ? ಅದರ ಕಂತೇ ಇನ್ನೂ ಮುಗಿದಿಲ್ಲ! ಆಮೇಲೆ ಹೊಳೆಯಿತು. ಮೆನುವಿನಲ್ಲಿ ಎನ್‌ಟಿಎಸ್‌ಸಿ ಇತ್ತು, 60 ಹರ್ಟ್ಸ್ ಕರೆಂಟಿಗೆ ಹೊಂದುವ ವಿಡಿಯೊ ಪದ್ಧತಿ: ಸೆಕೆಂಡಿಗೆ 30 ಫ್ರೇಮ್, ಶಟರ್ ತೆರೆದಿರುವುದು 1/60 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್. ಕಾಕಾನ ಹಳೇ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಗೊತ್ತಾಗಲ್ಲ, ಸೆನ್ಸರ್‌ಗೆ ಗೊತ್ತಾಗುತ್ತದೆ. 50 ಹರ್ಟ್ಸ್‌ಗೆ ಹೊಂದುವ ಪಾಲ್‌ಗೆ ಹಾಕಿ, 25 ಫ್ರೇಮ್, 1/50 ಮಾಡಿದೆ. ಪಟ್ಟೆ ಮಾಯ.

ಲೆನ್ಸಿನ ಕಿಂಡಿ ಎಫ್/4, ಬೆಳಕಿನ ಸೂಕ್ಷ್ಮತೆ ಐಎಸ್‌ಒ 800, ಎರಡನ್ನೂ ಕೈಯಾರೆ ಇಟ್ಟೆ. ಆಟೋದಲ್ಲಿ ಬಿಟ್ಟರೆ ಬಿಳಿ ಬನಿಯನ್ನಿನ ಕಾಕಾ ಮುಂದೆ ಬಾಗಿದಾಗಲೆಲ್ಲ ಕೋಣೆ ಕತ್ತಲಾಗುತ್ತಿತ್ತು. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸೂ ಲಾಕ್ ಮಾಡಿದೆ. ಸೆರಗಿನ ಕೆಂಪು ಒಂದು ಚೂರು ಬೇರೆ ಕಂಡರೂ ಕಾಕು ಸುಮ್ನೆ ಬಿಡುವವಳಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅಡ್ಡನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಮಸುಕಾಗಿ ಕಾಣುತ್ತಿದೆ ಅನ್ನಿಸಿತು. ಶಟರ್ 1/500 ಮಾಡಿದೆ. ಬೆಳಕು ಹತ್ತರಲ್ಲಿ ಒಂದು ಪಾಲಾಯಿತು. ಐಎಸ್‌ಒ 8000ಕ್ಕೆ ಏರಿಸಿದರೆ ಚಿತ್ರದ ತುಂಬ ಕಾಳು ಚೆಲ್ಲಿದ ಹಾಗೆ, ಜೊತೆಗೆ ಪಟ್ಟೆಗಳೂ ವಾಪಸ್. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ, ಎತ್ತಿ ಅಂಗಳಕ್ಕೆ ತರೋಕಾಗುತ್ತಾ? ಮಧ್ಯಾಹ್ನ ಬಾಗಿಲಿಂದ ಬಿಸಿಲು ಮಗ್ಗದ ಮೇಲೆ ಬೀಳುವವರೆಗೆ ಕಾದೆ. ಟ್ಯೂಬ್‌ಲೈಟ್ ಆರಿಸಿ ತೆಗೆದೆ. ಸಿಕ್ಕಿತು. ಲಾಳಿಯ ಹೊಟ್ಟೆಯಲ್ಲಿನ ನೂಲಿನ ಕಂಡಿಕೆ ಕೂಡ ಎಣಿಸಿಟ್ಟ ಹಾಗೆ ಸ್ಪಷ್ಟ. ಹೆಮ್ಮೆಯಿಂದ ಕಾಕಾಗೆ ತೋರಿಸಿದೆ.

ಕನ್ನಡಕ ಹಣೆಗೇರಿಸಿ ಎರಡು ಸಲ ನೋಡಿದರು. "ಲೇ ತಮ್ಮಾ, ಇದ್ಯಾಕ ಹಿಂಗ ನಿಂತ್ ನಿಂತ್ ಹೊಂಟೈತಿ?"

"ನಿಂತಿಲ್ಲರೀ ಕಾಕಾ, ಸ್ವಚ್ಛ ಕಾಣಾಕತ್ತೈತಿ."

"ನಲವತ್ತ ವರ್ಷ ಆತು ಈ ಕುಣ್ಯಾಗ ಕಾಲ ಇಳಿಬಿಟ್ಟು. ನಾನs ಇಷ್ಟ್ ಸ್ವಚ್ಛ ನೋಡಿಲ್ಲ. ಲಾಳಿ ಕಾಣೂದಲ್ಲೋ, ಹೋಗೂದು."

ಬೆಳಗಿನ ಮಸುಕು ಕ್ಲಿಪ್ ತೋರಿಸಿದೆ. "ಹಾಂ, ಇದು ನಮ್ದು" ಅಂದರು.

1/50 ಇದ್ದಾಗ ಶಟರ್ ಪ್ರತಿ ಫ್ರೇಮಿನ ಅರ್ಧ ಹೊತ್ತು ತೆರೆದಿರುತ್ತದೆ. ಲಾಳಿ ಬಾಲ ಎಳೆದ ಹಾಗೆ ಬಂದು ಒಂದು ಫ್ರೇಮ್ ಇನ್ನೊಂದಕ್ಕೆ ಅಂಟುತ್ತದೆ. 1/500ರಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದದ್ದು ಖಾಲಿ, ಅದಕ್ಕೇ ಕುಪ್ಪಳಿಸುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ನೋಡಿ.

ಊಟಕ್ಕೆ ಕೂತಾಗ ಕಾಕಾ ಮಾತು ಬೇರೆ ಕಡೆ ಹೋಯಿತು. ಮೊಣಕಾಲು ಜಾಸ್ತಿ ನೋಯುತ್ತಿದೆಯಂತೆ. ಸಂಕ್ರಾಂತಿ ಆದ ಮೇಲೆ ಮಗ್ಗ ಬಿಚ್ಚಿ ಕುಣಿ ಮುಚ್ಚುವುದಂತೆ, ಆ ಕೋಣೆಗೆ ಬಾಡಿಗೆ ಬರುತ್ತದಂತೆ. ಕಾಕು ರೊಟ್ಟಿ ಬಡಿಯುತ್ತಲೇ ಇದ್ದಳು. ನಾನು ಪುಂಡಿಪಲ್ಯ ಇನ್ನೊಂದು ಸಲ ಹಾಕಿಸಿಕೊಂಡೆ.

ನಾಳೆ ಎಲ್ಲ ಮತ್ತೆ 1/50ರಲ್ಲಿ. ಸೀರೆ ಮೈಯ ಹಾಸಿಗೂ (ಉದ್ದನೂಲು) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವುದನ್ನಂತೂ ಇನ್ನೂ ತೆಗೆದೇ ಇಲ್ಲ. ಯಾವಾಗ ಹಾಕ್ತೀರಿ ಅಂತ ಕೇಳಿದ್ದಕ್ಕೆ ಕಾಕಾ, "ಇನ್ನೊಂದ ಸಲ ಹಾಕಬೇಕಾಗತೈತೋ ಇಲ್ಲೋ..." ಅಂದು ಕೈ ತೊಳೆಯಲು ಎದ್ದರು. ಬ್ಯಾಟರಿ ಚಾರ್ಜಿಗೆ ಹಾಕಿದ್ದೀನಾ, ನೋಡಬೇಕು