ನಮೀಬ್ ಮರಳಿನ ಕೆಂಪು

2024 ಜನವರಿ 14, ಭಾನುವಾರ

ಇವತ್ತು ಪೂರ್ತಿ ನೈರುತ್ಯ ಆಫ್ರಿಕಾದ ನಮೀಬ್ ಮರುಭೂಮಿಯನ್ನು ಲ್ಯಾಂಡ್‌ಸ್ಯಾಟ್ 8 ಉಪಗ್ರಹ ತೆಗೆದ ಚಿತ್ರದ ಮುಂದೆಯೇ ಕೂತಿದ್ದೆ. ಅಟ್ಲಾಂಟಿಕ್ ತೀರದಲ್ಲಿ ಮರಳು ಮಾಸಲು ಹಳದಿ. ಪೂರ್ವಕ್ಕೆ ಸರಿದು ಒಳನಾಡಿನ ಸೊಸಸ್‌ವ್ಲೇ ಎಂಬ ಒಣ ತಗ್ಗಿನ ಹತ್ತಿರ ಬಂದರೆ ಇಟ್ಟಿಗೆಗೆಂಪು.

ಚಿತ್ರದಲ್ಲಿ ಕಾಣುವ ಬಣ್ಣವನ್ನು ಸುಮ್ನೆ ನಂಬುವ ಹಾಗಿಲ್ಲ. ದಿಬ್ಬದ ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು. ಉಪಗ್ರಹ ಬೆಳಕನ್ನು ಬಣ್ಣದ ಪಟ್ಟಿಗಳಾಗಿ, ಅಂದರೆ ಬ್ಯಾಂಡುಗಳಾಗಿ, ಬೇರೆಬೇರೆಯಾಗಿ ಅಳೆಯುತ್ತದೆ. ಅದಕ್ಕೇ ಕೆಂಪು ಬ್ಯಾಂಡನ್ನು, ಅಂದರೆ ನಾಲ್ಕನೆಯದನ್ನು, ನೀಲಿಯ ಎರಡನೇ ಬ್ಯಾಂಡಿನಿಂದ ಭಾಗಿಸಿದೆ. ನೆರಳು ಎರಡನ್ನೂ ಮಂಕು ಮಾಡುವುದರಿಂದ ಭಾಗಾಕಾರದಲ್ಲಿ ಹೆಚ್ಚುಕಡಿಮೆ ಹೊಡೆದುಹೋಗುತ್ತದೆ. ಪೂರ್ತಿ ಹೋಗಲ್ಲ. ನೆರಳಿನ ಮೇಲೂ ಆಕಾಶದ ನೀಲಿ ಬೆಳಕು ಬೀಳುತ್ತಲೇ ಇರುತ್ತದಲ್ವಾ? ಅಲ್ಲೆಲ್ಲ ಅನುಪಾತ ಇರಬೇಕಾದ್ದಕ್ಕಿಂತ ಕೆಳಗಿಳಿದಿತ್ತು. ಅಂಥ ಪಿಕ್ಸೆಲ್‌ಗಳನ್ನು ಬಿಟ್ಟು ನೋಡಿದರೆ ತೀರದಿಂದ ಒಳಗೆ ಹೋದಂತೆ ಅನುಪಾತ ಏರುತ್ತದೆ, ಅಂದರೆ ಮರಳು ನಿಜಕ್ಕೂ ಕೆಂಪಾಗುತ್ತಾ ಹೋಗುತ್ತದೆ.

ಮರಳಿನಲ್ಲಿ ಜಾಸ್ತಿ ಇರುವುದು ಕ್ವಾರ್ಟ್ಜ್ ಎಂಬ ಖನಿಜ. ಅದಕ್ಕೆ ಬಣ್ಣವೇ ಇಲ್ಲ. ಕಾಳಿನ ಮೈಗೆ ಅಂಟಿದ ಕಬ್ಬಿಣದ ಆಕ್ಸೈಡಿನ ತೆಳು ಪದರ ನೀಲಿ ಬೆಳಕನ್ನು ಹೀರಿ ಕೆಂಪನ್ನು ವಾಪಸ್ ಕಳಿಸುತ್ತದೆ. ಅಷ್ಟಕ್ಕೇ ಇಡೀ ದಿಬ್ಬ ಕೆಂಪಾಗುತ್ತದೆ.

ಹಾಗಾದರೆ ಕಾಲ ಕಳೆದಂತೆ ಈ ಪದರ ಬೆಳೆಯುತ್ತದೆ, ಮರಳು ಕೆಂಪಾದಷ್ಟೂ ಹಳೆಯದು ಅನ್ನೋಣವೇ? ಹಾಗಂತ ಹೇಳುವ ವಾದ ಹಳೆಯದು, ಆದರೆ ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಇಲ್ಲಿನ ಮರಳಿನ ದೊಡ್ಡ ಪಾಲು ಆರೆಂಜ್ ನದಿಯದು. ನದಿ ಅದನ್ನು ಸಮುದ್ರಕ್ಕೆ ಸುರಿಯಿತು, ಅಲೆಗಳು ತೀರದುದ್ದಕ್ಕೂ ಉತ್ತರಕ್ಕೆ ತಳ್ಳಿದವು, ದಕ್ಷಿಣದ ಗಾಳಿ ಒಳನಾಡಿಗೆ ಹೊತ್ತಿತು. ನಮೀಬಿಯಾ ಕಡಲತೀರದ ವಜ್ರಗಳು ಬಂದದ್ದೂ ಇದೇ ನದಿ, ಇದೇ ಅಲೆಗಳ ಜೊತೆ! ಆದರೆ ಪೂರ್ವದ ಅಂಚಿನಲ್ಲಿ ಟ್ಸೌಚಾಬ್‌ನಂಥ ಹೊಳೆಗಳೂ ಬೆಟ್ಟದ ಕಡೆಯಿಂದ ಮರಳು ತರುತ್ತವೆ. ಅಲ್ಲಿನ ಕೆಂಪಿನಲ್ಲಿ ವಯಸ್ಸೆಷ್ಟು, ಬೆಟ್ಟದ ಪಾಲೆಷ್ಟು ಎಂದು ಬರೀ ಬಣ್ಣ ನೋಡಿ ಬಿಡಿಸಿ ಹೇಳಲಾಗದು.

ಬಣ್ಣ ಕೈಕೊಟ್ಟ ಕಡೆ, ನೆಲ ಹೊರಸೂಸುವ ಶಾಖವನ್ನು ಅಳೆಯುವ ಬ್ಯಾಂಡುಗಳು ಸ್ವಲ್ಪ ನೆರವಾಗುತ್ತವೆ. ಟೆರ್ರಾ ಉಪಗ್ರಹದ ಆಸ್ಟರ್ ಉಪಕರಣಕ್ಕೆ 8ರಿಂದ 12 ಮೈಕ್ರೋಮೀಟರ್ ನಡುವೆ ಅಂಥ ಐದು ಬ್ಯಾಂಡುಗಳಿವೆ. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನ ಜಿಪ್ಸಮ್ಮೂ ಬಿಳಿ, ಶುದ್ಧ ಕ್ವಾರ್ಟ್ಜ್ ಮರಳೂ ಬಿಳಿ. ಶಾಖದಲ್ಲಿ ಮಾತ್ರ ಎರಡರ ಗುರುತು ಬೇರೆ. ತೊಂದರೆ ಏನೆಂದರೆ ಒಂದು ಪಿಕ್ಸೆಲ್ 90 ಮೀಟರ್. ದಿಬ್ಬವೂ ತಗ್ಗೂ ಒಂದರಲ್ಲೇ ಕಲಸಿಹೋಗುತ್ತವೆ.

ಕಾಳು ಯಾವ ಬಂಡೆಯದು ಎಂದು ಗಟ್ಟಿಯಾಗಿ ಹೇಳಲು ಮರಳೇ ಕೈಗೆ ಬರಬೇಕು, ಅದರೊಳಗಿನ ಜಿರ್ಕಾನ್ ಎಂಬ ಗಟ್ಟಿ ಖನಿಜದ ಹರಳುಗಳ ವಯಸ್ಸು ಅಳೆದು ಬಂಡೆಗಳ ವಯಸ್ಸಿನ ಜೊತೆ ಹೋಲಿಸಬೇಕು. ಎಲ್ಲಿಂದ ಮರಳು ತೆಗೆಯಬೇಕು ಎಂದು ತೋರಿಸಲು ಇಂದಿನ ನಕ್ಷೆ ಸಾಕು. ಅನುಪಾತ ತಟ್ಟನೆ ಜಿಗಿಯುವ ಕಡೆಗಳಿಗೆಲ್ಲ ಗುರುತು ಹಾಕಿದ್ದೇನೆ.